ಬಲವೋ ಎಡವೋ ತಿಳಿಯಲು ಇಪ್ಪತ್ತು ವರ್ಷ

ಹೇರೂರು ಕಡೆಯ ಅಡಿಕೆ ತೋಟಗಳಿಂದ ನನ್ನಲ್ಲಿಗೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚು. ಕಣ್ಣಿನ ಪೊರೆ ತೆಗೆಸುವ ಮೊದಲು ಇಸಿಜಿ ಮಾಡಿದರೆ ಕೆಲವರಲ್ಲಿ ಆರ್‌ಬಿಬಿಬಿ, ಎಂದರೆ ಹೃದಯದ ಬಲ ಕವಲಿನ ತಡೆ, ಕಾಣುತ್ತದೆ. ‘ಡಾಕ್ಟ್ರೇ, ಬ್ಲಾಕ್ ಅಂದ್ರೆ ಸ್ಟೆಂಟ್ ಹಾಕ್ಸೂದಾ?’ ಎಂದು ಹಿರಿಯರೊಬ್ಬರು ಗಾಬರಿಯಿಂದ ಕೇಳಿದರು. ಇದು ರಕ್ತನಾಳ ಕಟ್ಟಿದ್ದಲ್ಲ, ವಿದ್ಯುತ್ತಿನ ದಾರಿ ಕಟ್ಟಿದ್ದು ಎಂದೆ. ತೋಟದ ದಬ್ಬೆ ಕಟ್ಟಿಕೊಂಡರೆ ನೀರು ಮಣ್ಣಿನಲ್ಲೇ ಒಸರಿ ತಡವಾಗಿ ಆ ಬದಿ ಮುಟ್ಟುವುದಿಲ್ಲವೇ, ಹಾಗೆ.

ಆ ದಾರಿಯನ್ನು ಕಂಡುಕೊಂಡ ಚರಿತ್ರೆ ದೊಡ್ಡದು. 1893ರಲ್ಲಿ ವಿಲ್ಹೆಲ್ಮ್ ಹಿಸ್ ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳನ್ನು ಬೆಸೆಯುವ ಎಳೆಯನ್ನು ಗುರುತಿಸಿದ. ಅದು ಎಡಕ್ಕೂ ಬಲಕ್ಕೂ ಕವಲೊಡೆದು ಹರಡುವುದನ್ನು ಜರ್ಮನಿಯ ಮಾರ್ಬುರ್ಗ್‌ನಲ್ಲಿ ದುಡಿದ ಜಪಾನಿ ವೈದ್ಯ ಸುನಾವೊ ತವಾರಾ 1906ರಲ್ಲಿ ವಿವರವಾಗಿ ಬರೆದ. ಅಷ್ಟರಲ್ಲಿ ಲೈಡನ್‌ನ ಐಂಥೋವನ್ ಇಸಿಜಿ ಯಂತ್ರ ಕಟ್ಟಿದ್ದ. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು.

ವಿಯೆನ್ನಾದ ಎಪ್ಪಿಂಗರ್ ಮತ್ತು ರಾಥ್‌ಬರ್ಗರ್ 1910ರ ಸುಮಾರಿಗೆ ನಾಯಿಗಳ ಹೃದಯದಲ್ಲಿ ಒಂದೊಂದೇ ಕವಲನ್ನು ಕತ್ತರಿಸಿ ಅಲೆಗಳು ಹೇಗೆ ಬದಲಾಗುತ್ತವೆಂದು ನೋಡಿದರು. ವೈದ್ಯರು ಆ ಚಿತ್ರಗಳನ್ನೇ ಮನುಷ್ಯರಿಗೂ ಹೊಂದಿಸಿದರು. ಆದರೆ ನಾಯಿಯ ಎದೆಯಲ್ಲಿ ಹೃದಯ ಕೂತಿರುವ ರೀತಿ ಬೇರೆ. ಇಸಿಜಿಯ ಕೈಕಾಲಿನ ಲೀಡುಗಳಿಗೆ, ಎಂದರೆ ಅಲ್ಲಿಂದ ಹೃದಯದ ವಿದ್ಯುತ್ತನ್ನು ನೋಡುವ ಕೋನಗಳಿಗೆ, ಅದು ಬೇರೆಯೇ ಆಗಿ ಕಾಣುತ್ತದೆ. ಹೀಗಾಗಿ ಸುಮಾರು ಇಪ್ಪತ್ತು ವರ್ಷ ರೋಗಿಗಳಲ್ಲಿ ಬಲದ ತಡೆಯನ್ನು ಎಡದ್ದೆಂದೂ ಎಡದ್ದನ್ನು ಬಲದ್ದೆಂದೂ ಓದಲಾಯಿತು.

1930ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಾರ್ಕರ್, ಮ್ಯಾಕ್ಲೌಡ್ ಮತ್ತು ಅಲೆಕ್ಸಾಂಡರ್, ಚಿಕಿತ್ಸೆಗಾಗಿ ಎದೆ ತೆರೆದಿದ್ದ ರೋಗಿಯೊಬ್ಬರ ಹೃದಯವನ್ನೇ ಬೇರೆ ಬೇರೆ ಕಡೆ ಪ್ರಚೋದಿಸಿ ಅಲೆಗಳನ್ನು ದಾಖಲಿಸಿದರು. ಹಳೆಯ ಓದು ತಲೆಕೆಳಗೆಂದು ಗೊತ್ತಾಯಿತು. ಅವರೊಡನೆ ದುಡಿದ ಫ್ರಾಂಕ್ ವಿಲ್ಸನ್ ಎದೆಯ ಮೇಲಿನ ಲೀಡುಗಳಿಗೆ ಬುನಾದಿ ಹಾಕಿದ. 1938ರಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ಹೃದಯ ಸಂಘಗಳು ಅವುಗಳ ಜಾಗಗಳನ್ನು ಗೊತ್ತುಮಾಡಿದವು.

ಇಂದು ನಾನು ಮೊದಲು ನೋಡುವುದು ಎದೆಯ ವಿ1 ಲೀಡನ್ನು. ಎದೆಮೂಳೆಯ ಬಲ ಅಂಚಿನಲ್ಲಿ, ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿ ಅದನ್ನು ಅಂಟಿಸಬೇಕು. ಬಲದ ತಡೆಯಿದ್ದರೆ ಕ್ಯೂಆರ್‌ಎಸ್‌ನ, ಎಂದರೆ ಕೆಳಗಿನ ಕೋಣೆಗಳ ಅಲೆಯ, ಅಗಲ ಇಸಿಜಿ ಕಾಗದದ ಮೂರು ಚಿಕ್ಕ ಚೌಕ, ಎಂದರೆ 120 ಮಿಲಿಸೆಕೆಂಡ್ ಅಥವಾ ಹೆಚ್ಚು. ವಿ1ರಲ್ಲಿ ಮೊಲದ ಕಿವಿಗಳಂತೆ ಎರಡು ಶಿಖರ, ಎರಡನೆಯದು ಎತ್ತರ. ಒಂದನೆಯ ಲೀಡು ಮತ್ತು ವಿ6ರಲ್ಲಿ ಅಗಲವಾದ ಎಸ್ ಅಲೆ. ಬಲಗಡೆಯ ಕೆಳಗಿನ ಕೋಣೆ ತಡವಾಗಿ ಎಚ್ಚರಗೊಳ್ಳುವುದರಿಂದ ಕೊನೆಯ ಅಲೆ ಬಲಕ್ಕೂ ಮುಂದಕ್ಕೂ ತಿರುಗುತ್ತದೆ.

ಬಹುಪಾಲು ಹಿರಿಯರಲ್ಲಿ ಈ ತಡೆ ತೊಂದರೆ ಕೊಡದೆ ಇದ್ದುಬಿಡುತ್ತದೆ. ಎದೆನೋವು, ಉಬ್ಬಸ ಅಥವಾ ತಲೆ ಸುತ್ತಿ ಬೀಳುವುದರ ಜೊತೆಗೆ ಹೊಸದಾಗಿ ಕಂಡರೆ ಮಾತ್ರ ತಡಮಾಡಬಾರದು. ಹೃದಯಾಘಾತವೂ ಇರಬಹುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಲೂಬಹುದು. ಹೊಸದೋ ಹಳೆಯದೋ ಎಂದು ಹೇಳಬಲ್ಲದ್ದು ಹಿಂದಿನ ಇಸಿಜಿ ಮಾತ್ರ. ಅದರ ಕಾಗದ ಬೇಗ ಮಾಸುತ್ತದೆ, ಮಲೆನಾಡಿನ ತೇವಕ್ಕೆ ಇನ್ನೂ ಬೇಗ. ಆದ್ದರಿಂದ ಜೆರಾಕ್ಸ್ ಮಾಡಿಸಿ, ತಾರೀಖು ಬರೆದು, ಪಹಣಿ ಪತ್ರಗಳ ಜೊತೆಗೇ ಇಡಿ ಎಂದು ಬಂದವರಿಗೆಲ್ಲ ಹೇಳುತ್ತೇನೆ.