ಕತ್ತರಿಗೂ ಮಗ್ಗಕ್ಕೂ ನಡುವೆ: ಮಧುಗಿರಿ ಸೀಮೆಯ ಕಂಬಳಿ ಮತ್ತು ಸಹಕಾರದ ಹಾದಿ

ಮಧುಗಿರಿಯಿಂದ ಶಿರಾ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಊರು ಬಡವನಹಳ್ಳಿ. ಪಶ್ಚಿಮಕ್ಕೆ ಶಿರಾ, ಉತ್ತರಕ್ಕೆ ಪಾವಗಡ, ದಕ್ಷಿಣಕ್ಕೆ ಕೊರಟಗೆರೆ. ನಾಲ್ಕೂ ತಾಲ್ಲೂಕು ಸೇರಿ ತುಮಕೂರು ಜಿಲ್ಲೆಯ ಬಯಲುಸೀಮೆಯ ಒಣ ಭಾಗ. ಮಳೆ ಕಡಿಮೆ, ಬಂಡೆಗುಡ್ಡ ಹೆಚ್ಚು. ಕಡಲೆಕಾಯಿ ಕಿತ್ತ ಹೊಲ, ನೀರಿಲ್ಲದ ಕೆರೆಯಂಗಳ, ಜಾಲಿಯ ಕಾಯಿ ಇವೇ ಇಲ್ಲಿನ ಮೇವು. ಇಂಥ ನೆಲದಲ್ಲಿ ಬದುಕು ಕಟ್ಟಿಕೊಡಬಲ್ಲ ಪ್ರಾಣಿ ಕುರಿ. ಕುರುಬರ ಹಟ್ಟಿಗಳು, ಜುಂಜಪ್ಪನ ಒಕ್ಕಲಾದ ಕಾಡುಗೊಲ್ಲರ ಗೊಲ್ಲರಹಟ್ಟಿಗಳು ಈ ಸೀಮೆಯ ಉದ್ದಕ್ಕೂ ಹರಡಿವೆ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆಗೆ ಹೊರಜಿಲ್ಲೆಗಳಿಂದಲೂ ವ್ಯಾಪಾರಿಗಳು ಬರುತ್ತಾರೆ.

ಆ ಸಂತೆಯಲ್ಲಿ ಮರಿಗೆ ಬೆಲೆ ಕಟ್ಟುತ್ತಾರೆ, ಟಗರಿಗೆ ಬೆಲೆ ಕಟ್ಟುತ್ತಾರೆ. ಅದರ ಮೈಮೇಲಿನ ಉಣ್ಣೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅನೇಕ ಕಡೆ ಉಣ್ಣೆ ಮಾರಿದ ಹಣದಲ್ಲಿ ಕತ್ತರಿಸಿದ ಕೂಲಿಯೂ ಹುಟ್ಟದೆ, ತುಪ್ಪಟವನ್ನು ತಿಪ್ಪೆಗೆ ಹಾಕುತ್ತಾರೆ. ಕಳೆದ ಇನ್ನೂರು ವರ್ಷಗಳಲ್ಲಿ ಸರ್ಕಾರಗಳು ಕುರಿಯ ತಳಿ ತಿದ್ದಲು ಹೊರಟವು, ಮಗ್ಗಕ್ಕೆ ಸಾಲ ಕೊಟ್ಟವು, ಕಂಬಳಿಗೆ ಕಾನೂನಿನ ರಕ್ಷಣೆಯನ್ನೂ ಕೊಟ್ಟವು. ಕತ್ತರಿ ಬಿದ್ದ ಕ್ಷಣದಿಂದ ನೂಲು ಮಗ್ಗಕ್ಕೆ ಏರುವವರೆಗಿನ ದಾರಿಗೆ ಮಾತ್ರ ಹೊಣೆಗಾರರೇ ಇಲ್ಲದಂತಾಯಿತು. ಈ ಸೀಮೆಯ ಕಂಬಳಿಯ ಚರಿತ್ರೆಯನ್ನು ಆ ನಡುದಾರಿಯ ಕಡೆಯಿಂದ ನೋಡಿದರೆ ಹಲವು ಸಂಗತಿಗಳು ಬಿಡಿಸಿಕೊಳ್ಳುತ್ತವೆ.

ಒರಟು ಉಣ್ಣೆಯ ಗುಣ

ಕರ್ನಾಟಕದ ಹೆಸರಾಂತ ತಳಿಗಳು ಬಳ್ಳಾರಿ, ದಖನಿ, ಹಾಸನ, ಕೆಂಗುರಿ, ಮಂಡ್ಯ ಅಥವಾ ಬನ್ನೂರು. ಇವುಗಳಲ್ಲಿ ಕಂಬಳಿಗೆ ಒದಗುವುದು ಮುಖ್ಯವಾಗಿ ಬಳ್ಳಾರಿ ಮತ್ತು ದಖನಿ ಕುರಿಗಳ ಉಣ್ಣೆ. ಮೆರಿನೋ ಕುರಿಯ ಎಳೆ 24 ಮೈಕ್ರಾನಿಗಿಂತ ತೆಳು. ನಮ್ಮ ಕುರಿಯದು 50 ಮೈಕ್ರಾನಿನ ಆಸುಪಾಸು. ಎಳೆಯ ನಡುವೆ ಟೊಳ್ಳಿರುವ ಕೂದಲೇ ಇದರಲ್ಲಿ ಹೆಚ್ಚು. ಹಾಗಾಗಿ ಬಣ್ಣ ಚೆನ್ನಾಗಿ ಹಿಡಿಯುವುದಿಲ್ಲ, ಸ್ವೆಟರಿಗೆ ಒಗ್ಗುವುದಿಲ್ಲ. ಕಂಬಳಿಗೆ ಬೇಕಾದದ್ದೂ ಈ ಒರಟುತನವೇ. ಸವೆತ ತಡೆಯುತ್ತದೆ, ಸಣ್ಣ ಮಳೆಗೆ ನೀರು ಒಳಗಿಳಿಯದು, ನೆಲದ ಮೇಲೆ ಹಾಸಿದರೆ ಥಂಡಿ ಏರದು. ಕಪ್ಪು ಕುರಿಯ ಉಣ್ಣೆಗೆ ಬಣ್ಣದ ಅಗತ್ಯವೇ ಇಲ್ಲ.

ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವುದು ರೂಢಿ. ಒಂದು ಸಲಕ್ಕೆ ಒಂದು ಕುರಿಯಿಂದ ಸಿಗುವುದು ಕಾಲು ಕಿಲೋದಿಂದ ಅರ್ಧ ಕಿಲೋದೊಳಗೆ. ಒಂದು ಕಂಬಳಿಗೆ ಎರಡು ಕಿಲೋಗೂ ಹೆಚ್ಚು ಬೇಕು, ಅಂದರೆ ಹಲವು ಕುರಿಗಳ ಉಣ್ಣೆ ಒಂದಾಗಬೇಕು. ಕತ್ತರಿಸಿದ ಉಣ್ಣೆಯಲ್ಲಿ ಮಣ್ಣು, ಹಿಕ್ಕೆ, ಉತ್ತರಾಣಿಯ ಮುಳ್ಳು ಎಲ್ಲ ಇರುತ್ತವೆ. ಅದನ್ನು ಬಿಡಿಸಬೇಕು, ತೊಳೆಯಬೇಕು, ಬಿಲ್ಲಿನಿಂದ ಹಿಂಜಬೇಕು, ನೂಲಬೇಕು. ಹಿಂಜಿ ನೂಲುವುದರಲ್ಲಿ ಮನೆಯ ಹೆಂಗಸರ ದುಡಿಮೆಯೇ ದೊಡ್ಡದು. ಆಮೇಲೆ ಹಾಸು ಹಾಕಿ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಹುಣಸೆಗೆ ಹೆಸರಾದ ತುಮಕೂರು ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಕೊನೆಗೆ ಗುಂಡಿಮಗ್ಗದಲ್ಲಿ ಪಟ್ಟಿ ನೇಯ್ದು, ಎರಡು ಪಟ್ಟಿ ಸೇರಿಸಿ ಹೊಲಿದರೆ ಕಂಬಳಿ. ಕೊಳ್ಳುವವನ ಕಣ್ಣಿಗೆ ಬೀಳುವುದು ನೇಯ್ಗೆ. ದುಡಿಮೆಯ ಹೆಚ್ಚು ಪಾಲು ತಿನ್ನುವುದು ಅದಕ್ಕೆ ಮೊದಲಿನ ಕೆಲಸ.

ಟಗರು ತಂದವರು, ಗಿರಣಿ ಕಟ್ಟಿದವರು

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕನನ್ ಮಧುಗಿರಿ, ಶಿರಾ ಭಾಗಗಳಲ್ಲಿ ಸಂಚರಿಸಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಬೆಳೆ, ಕೆರೆ, ದನಕರುಗಳ ಜೊತೆಗೆ ಕುರಿ ಸಾಕಣೆ ಮತ್ತು ಕುರುಬರ ಕಂಬಳಿ ನೇಯ್ಗೆಯೂ ದಾಖಲಾಗಿವೆ. ಆಗ ಕುರಿ ಕಾಯುವ ಮನೆ, ನೂಲುವ ಮನೆ, ನೇಯುವ ಮನೆ ಬಹುಮಟ್ಟಿಗೆ ಒಂದೇ ಕುಲದೊಳಗಿದ್ದವು. ಮದುವೆಯಲ್ಲಿ ಉಣ್ಣೆಯ ದಾರ ಕಟ್ಟುವ ಉಣ್ಣೆ ಕಂಕಣದವರು, ಹತ್ತಿಯ ದಾರ ಕಟ್ಟುವ ಹತ್ತಿ ಕಂಕಣದವರು ಎಂಬ ಬಳಿಗಳು ಕುರುಬರಲ್ಲಿ ಇರುವುದೇ ಉಣ್ಣೆ ಆ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಸಾಕ್ಷಿ. ಬೀರಪ್ಪನ ಪೂಜೆಗೂ ಕರಿಕಂಬಳಿ ಬೇಕು, ನ್ಯಾಯ ಹೇಳುವ ಹಿರಿಯರು ಕೂರುವುದಕ್ಕೂ ಕಂಬಳಿಯ ಗದ್ದುಗೆಯೇ ಬೇಕು. ರೈತನಿಗೆ ಅದು ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ. ಗಿರಾಕಿ ಪಕ್ಕದ ಊರಿನಲ್ಲೇ ಇದ್ದ ಕಾಲ ಅದು.

ಕಂಪನಿ ಆಡಳಿತಕ್ಕೆ ಬೇಕಾದದ್ದು ಬೇರೆ ಉಣ್ಣೆ. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ (1834–1861) ಮೈಸೂರಿನಲ್ಲಿ ಮೆರಿನೋ ಟಗರು ತರಿಸಿ ನಾಡಿನ ಕುರಿಯ ಮೇಲೆ ಬಿಟ್ಟು, ಇಂಗ್ಲೆಂಡಿನ ಗಿರಣಿಗೆ ಒಪ್ಪುವ ಮೆದು ಉಣ್ಣೆ ಬೆಳೆಯುವ ಪ್ರಯತ್ನ ನಡೆಯಿತು. ಅದು ನೆಲೆ ನಿಲ್ಲಲಿಲ್ಲ. ಸ್ವಾತಂತ್ರ್ಯದ ನಂತರ ದೇಶದ ನಾನಾ ಕಡೆ ರ‍್ಯಾಂಬುಯೆ, ಕಾರಿಡೇಲ್ ಟಗರುಗಳಿಂದ ಮಿಶ್ರತಳಿ ಮಾಡುವಾಗಲೂ ಗುರಿ ಅದೇ ಮೆದು ಉಣ್ಣೆ. ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಒಣಹುಲ್ಲು ತಿಂದು ಬದುಕಬೇಕಾದ ಬಯಲುಸೀಮೆಯ ಮಂದೆಗೆ ಆ ರಕ್ತ ಒಗ್ಗಲಿಲ್ಲ. ಇದ್ದ ಉಣ್ಣೆಗೆ ತಕ್ಕ ಗಿರಾಕಿಯನ್ನು ಹುಡುಕುವ ಯೋಚನೆ ಈ ಯೋಜನೆಗಳಲ್ಲಿ ಹಿಂದೆ ಬಿತ್ತು.

ಅಂಥ ಗಿರಾಕಿ ಒಬ್ಬ ಬೆಂಗಳೂರಿನಲ್ಲಿ ಹುಟ್ಟಿಕೊಂಡ. 1884ರಲ್ಲಿ ಶುರುವಾಗಿ ಬೇಗನೆ ಬಿನ್ನಿ ಕಂಪನಿಯ ಕೈಗೆ ಬಂದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ ಸೈನ್ಯಕ್ಕೆ ಕಂಬಳಿ ಒದಗಿಸುತ್ತಿತ್ತು. ಎರಡು ಮಹಾಯುದ್ಧಗಳ ಕಾಲದಲ್ಲಿ ಸೈನ್ಯದ ಬೇಡಿಕೆ ಏರಿತ್ತು. ಯುದ್ಧ ಮುಗಿದ ಮೇಲೆ ಅದು ಇಳಿಯಿತು.

ಸಹಕಾರ ಬಂತು, ಎರಡು ಹೋಳಾಗಿ

ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದದ್ದು 1905ರಲ್ಲಿ. ಮುಂದಿನ ದಶಕಗಳಲ್ಲಿ ಕುರಿ ಇರುವ ತಾಲ್ಲೂಕುಗಳಲ್ಲಿ ಉಣ್ಣೆ ನೇಕಾರರ ಸಹಕಾರ ಸಂಘಗಳು ಎದ್ದವು. ಖಾದಿ ಚಳವಳಿ ಮತ್ತು 1957ರಲ್ಲಿ ರೂಪುಗೊಂಡ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಉಣ್ಣೆಯನ್ನೂ ತಮ್ಮ ತೆಕ್ಕೆಗೆ ತೆಗೆದುಕೊಂಡವು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಾವೇರಿ ಜಿಲ್ಲೆಯ ಮೆಡ್ಲೇರಿ ಕಂಬಳಿಯ ಹೆಸರಾಂತ ನೆಲೆಗಳಾದವು. ಶಿರಾ, ಪಾವಗಡಕ್ಕೆ ಚಳ್ಳಕೆರೆ ದೂರವೇನಲ್ಲ.

1975ರಲ್ಲಿ ರಾಜ್ಯದಲ್ಲಿ ಕುರಿ ಅಭಿವೃದ್ಧಿಗೆಂದೇ ಮಂಡಳಿ ಸ್ಥಾಪನೆಯಾಯಿತು; ಮುಂದೆ ಅದೇ ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಾಯಿತು. ಕುರಿ ಸಾಕುವವರ ಸಹಕಾರ ಸಂಘಗಳು ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಹುಟ್ಟಿದವು, ಅವುಗಳಿಗೊಂದು ಮಹಾಮಂಡಳಿಯೂ ಬಂತು. ಇವುಗಳ ಕೆಲಸ ಹೆಚ್ಚಾಗಿ ಸಾಲ, ಲಸಿಕೆ, ವಿಮೆ, ಮರಿ ಹಂಚಿಕೆಯ ಸುತ್ತ ನಡೆಯಿತು. ಸತ್ತ ಕುರಿಗೆ 5000 ರೂಪಾಯಿ ಪರಿಹಾರ ಕೊಡಲು ಆರಂಭವಾದ ಅನುಗ್ರಹ ಯೋಜನೆ ಕುರಿಗಾರರಿಗೆ ನಿಜವಾದ ಆಸರೆಯಾಯಿತು.

ಗಮನಿಸಬೇಕಾದದ್ದು ಇಲ್ಲೇ ಇದೆ. ನೇಕಾರರ ಸಂಘ ಒಂದು ಕಡೆ, ಕುರಿಗಾರರ ಸಂಘ ಇನ್ನೊಂದು ಕಡೆ. ಒಂದಕ್ಕೆ ಕೈಮಗ್ಗ ಇಲಾಖೆ, ಇನ್ನೊಂದಕ್ಕೆ ಪಶುಸಂಗೋಪನೆ ಇಲಾಖೆ. ನೇಕಾರನಿಗೆ ಉಣ್ಣೆ ಮಾರುಕಟ್ಟೆಯಲ್ಲಿ ಕೊಳ್ಳುವ ಸರಕಾಯಿತು, ಕುರಿಗಾರನಿಗೆ ಕಂಬಳಿ ಬೇರೆಯವರ ಕಸುಬಾಯಿತು. ನಡುವಿನ ಜಾಗ ದಲ್ಲಾಳಿಯ ಪಾಲಾಯಿತು. ಕಪ್ಪು, ಬಿಳಿ, ಕಂದು, ಮರಿ ಉಣ್ಣೆ, ಹೊಟ್ಟೆ ಕೆಳಗಿನ ಕೊಳಕು ಉಣ್ಣೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಒಂದೇ ದರಕ್ಕೆ ತೂಗಿದರು. ಒಳ್ಳೆಯ ಉಣ್ಣೆಗೆ ಒಂದು ಕಾಸೂ ಹೆಚ್ಚು ಬಾರದಿದ್ದರೆ ಒಳ್ಳೆಯ ಉಣ್ಣೆಯ ಕುರಿಯನ್ನು ಯಾರಾದರೂ ಏಕೆ ಉಳಿಸಿಕೊಳ್ಳಬೇಕು?

ಮಾಂಸದ ಕಾಲ

ಉತ್ತರ ಈಗ ಅಂಕಿಗಳಲ್ಲೇ ಇದೆ. 2012ರಲ್ಲಿ ಕರ್ನಾಟಕದಲ್ಲಿ ಸುಮಾರು 96 ಲಕ್ಷ ಕುರಿಗಳಿದ್ದವು. 2019ರ ಜಾನುವಾರು ಗಣತಿಯಲ್ಲಿ ಅದು 1 ಕೋಟಿ 10 ಲಕ್ಷ ಮೀರಿತು. ಕುರಿ ಸಂಖ್ಯೆಯಲ್ಲಿ ತೆಲಂಗಾಣ, ಆಂಧ್ರದ ನಂತರದ ಸ್ಥಾನ ನಮ್ಮದು. ಉಣ್ಣೆಯ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. 2022–23ರಲ್ಲಿ ದೇಶದ ಒಟ್ಟು ಉಣ್ಣೆ ಸುಮಾರು 3.36 ಕೋಟಿ ಕಿಲೋ; ಅದರಲ್ಲಿ ಹೆಚ್ಚುಕಡಿಮೆ ಅರ್ಧ ರಾಜಸ್ಥಾನದ್ದು. ಮೊದಲ ಐದು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೇ ಇಲ್ಲ. ಕುರಿ ಹೆಚ್ಚಿದೆ, ಉಣ್ಣೆಯ ನಂಟು ಬಿಟ್ಟಿದೆ. ಬೇಗ ತೂಕ ಬರುವ, ಮೈಮೇಲೆ ಉಣ್ಣೆ ಕಡಿಮೆ ಇರುವ ನೆಲ್ಲೂರು, ಕೆಂಗುರಿಯಂಥ ತಳಿಗಳು ಮಂದೆಗೆ ಸೇರಿವೆ. ಅವಳಿ ಮರಿ ಹಾಕುವ ನಾರಿ ಸುವರ್ಣ ತಳಿಗೂ ಉತ್ತೇಜನ ಸಿಕ್ಕಿದ್ದು ಮರಿಯ ಲೆಕ್ಕದಲ್ಲೇ.

ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ಪಾಣಿಪತ್ ನಿಂತಿದೆ. ಹಳೆ ಬಟ್ಟೆ ಹರಿದು ಮತ್ತೆ ನೂಲು ಮಾಡಿದ ಅಗ್ಗದ ಹೊದಿಕೆ, ಆಮೇಲೆ ಪಾಲಿಯೆಸ್ಟರಿನ ನುಣುಪು ರಗ್ಗು ಹಳ್ಳಿಯ ಸಂತೆಗೂ ಬಂದವು. 1985ರ ಕೈಮಗ್ಗ ಮೀಸಲಾತಿ ಕಾಯಿದೆಯಡಿ ಈಗ ಉಳಿದಿರುವ 11 ವಸ್ತುಗಳಲ್ಲಿ ಕಂಬಳಿಯೂ ಒಂದು. ಅದನ್ನು ವಿದ್ಯುತ್ ಮಗ್ಗದಲ್ಲಿ ನೇಯುವಂತಿಲ್ಲ. ಆದರೆ ಗಿರಾಕಿ ಕಂಬಳಿಯ ಬದಲು ಬೇರೆ ಹೊದಿಕೆ ಕೊಂಡರೆ ಕಾನೂನು ಏನು ಮಾಡೀತು?

ಮೇವಿನ ನೆಲವೂ ಕರಗುತ್ತಿದೆ. ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2019ರ ಕೊನೆಗೆ 2050 ಮೆಗಾವಾಟ್‌ನ ಸೌರ ಪಾರ್ಕ್ ಪೂರ್ಣವಾಯಿತು. ಜಮೀನು ಗುತ್ತಿಗೆಗೆ ಕೊಟ್ಟ ರೈತನಿಗೆ ವರ್ಷಕ್ಕಿಷ್ಟು ಎಂದು ಹಣ ಬರುತ್ತದೆ. ಕೊಯ್ಲಿನ ನಂತರ ಆ ಹೊಲಗಳಲ್ಲಿ ಕುರಿ ಬಿಡುತ್ತಿದ್ದವನ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ರಕ್ಷಣೆ, ಪರಮಾಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋದಾಗ ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕಾವಲಿಗೂ ಕುರಿಗೂ ಕಂಬಳಿಗೂ ಇರುವ ನಂಟು ಆಗ ಹಳ್ಳಿಯಾಚೆಯವರಿಗೂ ತಿಳಿಯಿತು.

ಬೇರೆಡೆ ಕಂಡ ದಾರಿ

ಹಿಮಾಚಲದ ಕುಲ್ಲು ಕಣಿವೆಯಲ್ಲಿ 1944ರಲ್ಲಿ ಕೆಲವೇ ನೇಕಾರರಿಂದ ಶುರುವಾದ ಭುಟ್ಟಿ ನೇಕಾರರ ಸಹಕಾರ ಸಂಘ ಇಂದು ಭುಟ್ಟಿಕೋ ಎಂಬ ಹೆಸರಿನಲ್ಲಿ ಸ್ವಂತ ಮಳಿಗೆಗಳಿರುವ ಸಂಸ್ಥೆ. ಮಾರಾಟವನ್ನು ದಲ್ಲಾಳಿಗೆ ಬಿಡದೆ ತನ್ನ ಕೈಯಲ್ಲೇ ಇಟ್ಟುಕೊಂಡದ್ದು ಅದರ ಬಲ. ಬ್ರಿಟನ್ನಿನಲ್ಲಿ 1950ರಲ್ಲಿ ಹುಟ್ಟಿದ ಉಣ್ಣೆ ಮಾರಾಟ ಮಂಡಳಿ ರೈತರ ಉಣ್ಣೆಯನ್ನು ಒಟ್ಟುಮಾಡಿ, ದರ್ಜೆಗೆ ತಕ್ಕಂತೆ ವಿಂಗಡಿಸಿ ಹರಾಜು ಹಾಕುತ್ತದೆ. ಅಲ್ಲಿಯೂ ಬೆಲೆ ಕುಸಿದು ಉಣ್ಣೆ ಸುಟ್ಟ ರೈತರಿದ್ದಾರೆ. ವಿಂಗಡಣೆಯೊಂದೇ ಎಲ್ಲ ಕಾಯಿಲೆಗೂ ಮದ್ದಾಗದು. ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಅಂತ್ರಾ ಸಂಸ್ಥೆ ದಖನಿ ಕುರಿಯನ್ನೂ ಅಲ್ಲಿನ ಕಂಬಳಿಯಾದ ಗೊಂಗಡಿಯನ್ನೂ ಒಟ್ಟಿಗೆ ಹಿಡಿಯಿತು. ತಳಿ ಹೋದರೆ ಹೊದಿಕೆ ಹೋಗುತ್ತದೆ, ಹೊದಿಕೆಗೆ ಗಿರಾಕಿ ಹೋದರೆ ತಳಿ ಹೋಗುತ್ತದೆ ಎಂಬ ತಿಳಿವಳಿಕೆ ಅದರ ಕೆಲಸದ ಬುನಾದಿ.

ಬಡವನಹಳ್ಳಿಯ ಸುತ್ತಿನ ಲೆಕ್ಕ

ಈ ಎಲ್ಲದರಿಂದ ನಾಲ್ಕು ತಾಲ್ಲೂಕಿನ ಕುರಿಗಾರರಿಗೆ ಒದಗುವ ಪಾಠ ಸರಳ. ಒಗ್ಗಟ್ಟು ಮಗ್ಗದ ಬಳಿ ಶುರುವಾದರೆ ತಡವಾಯಿತು. ಅದು ರೊಪ್ಪದಲ್ಲಿ, ಕತ್ತರಿ ಹಾಕುವ ದಿನವೇ ಶುರುವಾಗಬೇಕು. ಹತ್ತು ಹಳ್ಳಿಯ ಮಂದೆಗಳಿಗೆ ಸರದಿಯ ಮೇಲೆ ಕತ್ತರಿಸುವ ತಂಡ, ಚೊಕ್ಕ ಜಾಗ, ಅಲ್ಲೇ ಬಣ್ಣ ಮತ್ತು ಗುಣ ನೋಡಿ ಬೇರೆ ಬೇರೆ ಚೀಲ. ಇದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ, ಒಪ್ಪಂದ ಸಾಕು. ಎರಡನೆಯದು ತೊಳೆದು ಹಿಂಜುವ ಒಂದು ಸಾಮಾನ್ಯ ಘಟಕ. ಒಂದು ಮನೆ ಹಾಕಲಾರದ ಬಂಡವಾಳವನ್ನು ಸಂಘ ಹಾಕಬೇಕಾದದ್ದು ಇಲ್ಲಿ. ನೀರಿಗೆ ಬರವಿರುವ ಸೀಮೆಯಲ್ಲಿ ತೊಳೆದ ನೀರನ್ನು ಮತ್ತೆ ಬಳಸುವ ವ್ಯವಸ್ಥೆಯೂ ಜೊತೆಗೇ ಬೇಕು. ನೂಲುವ ಹೆಂಗಸರಿಗೆ ಕೂಲಿಯ ಜೊತೆಗೆ ಸಂಘದ ಸದಸ್ಯತ್ವ ಸಿಗಬೇಕು. ಹಿಂದಿನ ಸಂಘಗಳ ಷೇರು ಪುಸ್ತಕದಲ್ಲಿ ಮಗ್ಗದ ಯಜಮಾನನ ಹೆಸರೇ ಮೆರೆಯಿತು. ನೇಯಲಾಗದ ಕೀಳು ಉಣ್ಣೆಗೂ ಉಪಯೋಗವಿದೆ. ಅದು ಹಾಸಿಗೆಗೆ ತುಂಬಲು, ಗಿಡದ ಬುಡಕ್ಕೆ ಹೊದಿಸಲು ಬರುತ್ತದೆ.

ಕಂಬಳಿಯ ಗಿರಾಕಿ ಇನ್ನೂ ಪೂರಾ ಹೋಗಿಲ್ಲ. ಪೂಜೆ, ಮದುವೆ, ಸನ್ಮಾನಗಳಿಗೆ ಕರಿಕಂಬಳಿ ಬೇಕೇ ಬೇಕು. ಪಟ್ಟಣದವರು ಅದನ್ನು ನೆಲಹಾಸಾಗಿ, ಯೋಗದ ಹಾಸಾಗಿ ಕೇಳುತ್ತಾರೆ. ಆದರೆ ಸಂಘ ಗೆದ್ದಿತೋ ಇಲ್ಲವೋ ಎಂಬುದನ್ನು ಮಾರಾಟ ಮೇಳದ ವಹಿವಾಟು ಹೇಳಲಾರದು. ಮಂದೆಗೆ ಹೊಸ ಟಗರು ಆರಿಸುವಾಗ ಕುರಿಗಾರ ಅದರ ತೂಕ ನೋಡಿಯೇ ನೋಡುತ್ತಾನೆ. ಅದರ ಜೊತೆಗೆ ಮೈಮೇಲಿನ ಕಪ್ಪು ಉಣ್ಣೆಯನ್ನು ಹಿಡಿದೆಳೆದು ನೋಡುವಷ್ಟು ದರ ಅವನ ಕೈಗೆ ಬರುತ್ತಿದ್ದರೆ ಸಂಘ ಬದುಕಿದೆ ಎಂದರ್ಥ. ಬಾರದಿದ್ದರೆ ಎಷ್ಟು ಮಗ್ಗ ಹಂಚಿದರೂ ಮುಂದಿನ ತಲೆಮಾರಿನ ಕುರಿಯ ಮೈಯಲ್ಲಿ ನೇಯಲು ಉಣ್ಣೆಯೇ ಇರುವುದಿಲ್ಲ.