ಬ್ರೈಲ್ ಟಿಪ್ಪಣಿ ಯಂತ್ರ: ಬ್ಯಾಟರಿ, ಸ್ಮೃತಿ ಮತ್ತು ರೀಸೆಟ್

ಕಾಗದದ ಮೇಲೆ ಮೂಡಿಸಿದ ಬ್ರೈಲ್ ಚುಕ್ಕಿಗೆ ವಿದ್ಯುತ್ತು ಬೇಡ. ಹತ್ತು ವರ್ಷ ಕಪಾಟಿನಲ್ಲಿಟ್ಟು ತೆಗೆದರೂ, ಚುಕ್ಕಿ ಸವೆದಿಲ್ಲದಿದ್ದರೆ ಬೆರಳಾಡಿಸಿ ಓದಬಹುದು. ಕಾಗದದ ಬದಲಿಗೆ ಬಂದ ಎಲೆಕ್ಟ್ರಾನಿಕ್ ಟಿಪ್ಪಣಿ ಯಂತ್ರದಲ್ಲಿ ಮೊದಮೊದಲು ಈ ಭರವಸೆ ಇರಲಿಲ್ಲ. ಬ್ಯಾಟರಿ ಪೂರ್ತಿ ಬರಿದಾದರೆ ಯಂತ್ರ ನಿಲ್ಲುವುದರ ಜೊತೆಗೆ ವರ್ಷವಿಡೀ ಬರೆದುಕೊಂಡ ಪಾಠವೂ ಅಳಿಸಿಹೋಗುತ್ತಿತ್ತು. ಹೀಗಾಗುತ್ತಿದ್ದುದು ಏಕೆ? ಈ ದೋಷ ನಿವಾರಣೆಯಾದ ಬಗೆ ಹೇಗೆ? ಇದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿದಿರಬೇಕಾದ ಕಥೆ.

ಆರು ಚುಕ್ಕಿ, ಆರು ಕೀಲಿ

ಫ್ರಾನ್ಸಿನ ಲೂಯಿ ಬ್ರೈಲ್ (1809–1852) ತಮ್ಮ ಲಿಪಿಯನ್ನು ಪ್ರಕಟಿಸಿದ್ದು 1829ರಲ್ಲಿ. ಆರು ಚುಕ್ಕಿಗಳಲ್ಲಿ ಪ್ರತಿಯೊಂದೂ ಇರಬಹುದು ಅಥವಾ ಇಲ್ಲದಿರಬಹುದು. ಹೀಗಾಗಿ ಖಾಲಿ ಜಾಗವೂ ಸೇರಿ ಒಟ್ಟು 64 ವಿನ್ಯಾಸಗಳು ಸಾಧ್ಯ. ಭಾರತಿ ಬ್ರೈಲ್‌ನಲ್ಲಿ ಕನ್ನಡವನ್ನು ಬರೆಯುವುದೂ ಇವೇ ಆರು ಚುಕ್ಕಿಗಳಿಂದ. 1892ರಲ್ಲಿ ಅಮೆರಿಕದ ಫ್ರಾಂಕ್ ಹಾಲ್, ಚುಕ್ಕಿಗೊಂದು ಕೀಲಿಯಂತೆ ಆರು ಕೀಲಿಗಳ ಬ್ರೈಲ್ ಬೆರಳಚ್ಚು ಯಂತ್ರವನ್ನು ರೂಪಿಸಿದರು. ಒಂದು ಅಕ್ಷರಕ್ಕೆ ಬೇಕಾದ ಕೀಲಿಗಳನ್ನೆಲ್ಲ ಒಟ್ಟಿಗೆ ಒತ್ತುವ ಈ ಕ್ರಮವೇ ಇಂದಿನ ಟಿಪ್ಪಣಿ ಯಂತ್ರಗಳಲ್ಲೂ ಉಳಿದಿದೆ.

ಬರೆದದ್ದನ್ನು ಕಾಗದವಿಲ್ಲದೆ ಉಳಿಸುವ ಪ್ರಯತ್ನಗಳು 1970ರ ದಶಕದಲ್ಲಿ ಫಲ ಕೊಡತೊಡಗಿದವು. ಟೆಲಿಸೆನ್ಸರಿ ಸಂಸ್ಥೆಯ ‘ವರ್ಸಾಬ್ರೈಲ್’ ಬರಹವನ್ನು ಸಾಮಾನ್ಯ ಕ್ಯಾಸೆಟ್ಟಿನ ಕಾಂತೀಯ ಪಟ್ಟಿಯಲ್ಲಿ ಶೇಖರಿಸುತ್ತಿತ್ತು. ಕಾಂತತ್ವಕ್ಕೆ ಬ್ಯಾಟರಿಯ ಆಸರೆ ಬೇಡವಾದ್ದರಿಂದ ಯಂತ್ರ ಆರಿದರೂ ಬರಹ ಉಳಿಯುತ್ತಿತ್ತು. ಆದರೆ ಬೇಕಾದ ಪುಟಕ್ಕಾಗಿ ಪಟ್ಟಿ ಸುತ್ತುವವರೆಗೆ ಕಾಯಬೇಕು. ಯಂತ್ರವೂ ಭಾರ.

ಬ್ಯಾಟರಿಗೆ ಕಟ್ಟಿಹಾಕಿದ ಸ್ಮೃತಿ

1987ರಲ್ಲಿ ಅಮೆರಿಕದ ಡೀನ್ ಬ್ಲೇಝಿ ‘ಬ್ರೈಲ್ ಎನ್ ಸ್ಪೀಕ್’ ಎಂಬ ಪುಟ್ಟ ಯಂತ್ರವನ್ನು ಹೊರತಂದರು. ಅದರಲ್ಲಿ ಆರು ಚುಕ್ಕಿಕೀಲಿಗಳು ಮತ್ತು ಒಂದು ಅಂತರಕೀಲಿ ಇದ್ದವು. ಬರೆದದ್ದನ್ನು ಯಂತ್ರವೇ ಕೃತಕ ಧ್ವನಿಯಲ್ಲಿ ಓದಿ ಹೇಳುತ್ತಿತ್ತು. ಚೀಲದಲ್ಲಿಟ್ಟು ತರಗತಿಗೆ ಒಯ್ಯಬಹುದಾದ ಈ ಯಂತ್ರ ಅನೇಕ ಅಂಧ ವಿದ್ಯಾರ್ಥಿಗಳಿಗೆ ನೋಟ್‌ಪುಸ್ತಕವಾಯಿತು.

ಅದರ ವೇಗಕ್ಕೂ ಹಗುರತನಕ್ಕೂ ಕಾರಣ ಅರೆವಾಹಕ ಸ್ಮೃತಿ, ಅಂದರೆ ರ್‍ಯಾಮ್. ಇದರಲ್ಲಿ ಪ್ರತಿ ಬಿಟ್ ಟ್ರಾನ್ಸಿಸ್ಟರುಗಳ ಒಂದು ಸ್ಥಿತಿ. ವಿದ್ಯುತ್ತು ಇರುವವರೆಗೆ ಮಾತ್ರ ಆ ಸ್ಥಿತಿ ಉಳಿಯುತ್ತದೆ. ಸುಮಾರು 2 ವೋಲ್ಟ್ ವಿಭವ ಮತ್ತು ಕೆಲವೇ ಮೈಕ್ರೊಆಂಪಿಯರ್ ಪ್ರವಾಹ ಸಾಕು. ಆದರೆ ಅದು ಹಗಲಿರುಳು ಬೇಕು. ಯಂತ್ರವನ್ನು ‘ಆಫ್’ ಮಾಡಿದಾಗಲೂ ಬ್ಯಾಟರಿಗೆ ಬಿಡುವಿಲ್ಲ.

ಆ ಕಾಲದ ನಿಕಲ್-ಕ್ಯಾಡ್ಮಿಯಮ್ ಕೋಶಕ್ಕೆ ಎರಡು ಗುಣಗಳಿದ್ದವು. ಬಳಸದೆ ಇಟ್ಟರೂ ತಿಂಗಳಿಗೆ ಶೇಕಡ 10ಕ್ಕಿಂತ ಹೆಚ್ಚು ಆವೇಶ ತಾನಾಗಿಯೇ ಸೋರಿಹೋಗುತ್ತದೆ. ಎರಡನೆಯದಾಗಿ, ಅದರ ವಿಭವ ಬಹುಕಾಲ 1.2 ವೋಲ್ಟಿನ ಆಸುಪಾಸಿನಲ್ಲೇ ನಿಂತು, ಕೊನೆಯಲ್ಲಿ ದಿಢೀರನೆ ಕುಸಿಯುತ್ತದೆ. ವಿಭವವನ್ನು ಅಳೆದು ಉಳಿದ ಆವೇಶವನ್ನು ಊಹಿಸುವುದು ಕಷ್ಟ. ಆದ್ದರಿಂದ ಎಚ್ಚರಿಕೆ ಸಿಗುವುದೇ ತಡ. ದೀರ್ಘ ರಜೆಯಲ್ಲಿ ಯಂತ್ರವನ್ನು ಚಾರ್ಜ್ ಮಾಡದೆ ಮೂಲೆಯಲ್ಲಿಟ್ಟರೆ ಟಿಪ್ಪಣಿಗಳು ಇಲ್ಲವಾಗುವ ಅಪಾಯ ನಿಜವಾಗಿತ್ತು.

ಮುಂದೆ ಬೆರಳಿಗೆ ತಾಗುವ ಬ್ರೈಲ್ ಸಾಲನ್ನೂ ಅಳವಡಿಸಿದಾಗ ಬ್ಯಾಟರಿಯ ಹೊರೆ ಹೆಚ್ಚಿತು. 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದ ಪೀಜೋ ವಿದ್ಯುತ್ ಪರಿಣಾಮವೇ ಇಲ್ಲಿ ತಿರುವುಮುರುವಾಗಿ ಕೆಲಸ ಮಾಡುತ್ತದೆ. ವಿಭವ ಕೊಟ್ಟರೆ ತೆಳು ಪಟ್ಟಿ ಬಾಗಿ ಕಡ್ಡಿಯನ್ನು ಮೇಲೆತ್ತುತ್ತದೆ. ಇದಕ್ಕೆ ಸುಮಾರು 200 ವೋಲ್ಟ್ ಬೇಕು. ಬ್ಯಾಟರಿಯ ಕೆಲವೇ ವೋಲ್ಟುಗಳನ್ನು ಅಷ್ಟಕ್ಕೆ ಏರಿಸುವ ಮಂಡಲ ಯಂತ್ರದೊಳಗೇ ಇರುತ್ತದೆ. 40 ಅಕ್ಷರಗಳ ಸಾಲಿನಲ್ಲಿ, ಅಕ್ಷರಕ್ಕೆ 8ರಂತೆ, 320 ಕಡ್ಡಿಗಳು! ಪಟ್ಟಿ ಧಾರಕದಂತೆ ವರ್ತಿಸುವುದರಿಂದ ಮುಖ್ಯವಾಗಿ ಚುಕ್ಕಿ ಬದಲಾಗುವಾಗ ಮಾತ್ರ ಶಕ್ತಿ ಖರ್ಚಾಗುತ್ತದೆ ಎಂಬುದೊಂದೇ ಸಮಾಧಾನ.

ಒಂದು ಹೆಸರು, ಎರಡು ಅರ್ಥ

ವಿಭವ ಕುಸಿದಾಗ ಮೈಕ್ರೊಪ್ರೊಸೆಸರ್ ಒಮ್ಮೆಲೇ ನಿಲ್ಲುವುದಿಲ್ಲ. ಅರೆಬರೆ ವಿಭವದಲ್ಲಿ ಅದು ಆದೇಶಗಳನ್ನು ತಪ್ಪಾಗಿ ಓದಿ, ಸ್ಮೃತಿಯಲ್ಲಿ ಏನಾದರೂ ಗೀಚಿಬಿಡಬಹುದು. ಇದನ್ನು ತಡೆಯಲು ವಿಭವ ಸರಿಯಾಗುವವರೆಗೆ ಪ್ರೊಸೆಸರನ್ನು ಹಿಡಿದಿಡುವ ಕಾವಲು ಮಂಡಲವೊಂದಿರುತ್ತದೆ. ಅದು ಬಿಟ್ಟ ಕೂಡಲೇ ಪ್ರೊಸೆಸರ್ ನಿಗದಿತ ವಿಳಾಸದಿಂದ ಮತ್ತೆ ಕೆಲಸ ಆರಂಭಿಸುತ್ತದೆ. ಇದು ರೀಸೆಟ್.

ಬಳಕೆದಾರರು ಮಾಡುವ ರೀಸೆಟ್‌ನಲ್ಲಿ ಎರಡು ವಿಧ. ಮೃದು ರೀಸೆಟ್ ಯಂತ್ರವನ್ನು ಹೊಸದಾಗಿ ಹೊರಡಿಸುತ್ತದೆ, ಕಡತಗಳನ್ನು ಮುಟ್ಟುವುದಿಲ್ಲ. ಕಠಿಣ ರೀಸೆಟ್ ಸ್ಮೃತಿಯನ್ನೇ ತೊಳೆದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುತ್ತದೆ. 2000ದ ದಶಕದ ಆರಂಭದಲ್ಲಿ ಬಂದ, ಪಾಕೆಟ್ ಪಿಸಿ ವ್ಯವಸ್ಥೆಯ ‘ಪ್ಯಾಕ್ ಮೇಟ್’ನಂಥ ಯಂತ್ರಗಳಲ್ಲೂ ರ್‍ಯಾಮ್‌ನಲ್ಲಿಟ್ಟ ಕಡತಗಳಿಗೆ ಈ ಅಪಾಯ ತಪ್ಪಲಿಲ್ಲ. ಕಣ್ಣಿರುವವರಿಗೆ ಪರದೆಯ ಸೂಚನೆಯಾದರೂ ಕಾಣುತ್ತದೆ. ಮಾತನಾಡದ, ಚುಕ್ಕಿ ಏಳದ ಯಂತ್ರದ ಮುಂದೆ ಕುಳಿತ ಅಂಧ ವಿದ್ಯಾರ್ಥಿಗೆ ಬ್ಯಾಟರಿ ಸತ್ತಿದೆಯೋ, ತಂತ್ರಾಂಶ ಸಿಕ್ಕಿಕೊಂಡಿದೆಯೋ ತಿಳಿಯುವ ದಾರಿಯೇ ಇಲ್ಲ.

ಸ್ಮೃತಿಗೆ ಸ್ವಾತಂತ್ರ್ಯ

ಪರಿಹಾರದ ಬೀಜ 1984ರಲ್ಲೇ ಇತ್ತು. ಆ ವರ್ಷ ಜಪಾನಿನ ಫ್ಯುಜಿಯೊ ಮಸುಓಕ ಫ್ಲ್ಯಾಶ್ ಸ್ಮೃತಿಯನ್ನು ವಿವರಿಸಿದರು. ಇದರಲ್ಲಿ ಇಲೆಕ್ಟ್ರಾನುಗಳನ್ನು ವಿದ್ಯುತ್ ನಿರೋಧಕ ಪದರದಿಂದ ಸುತ್ತುವರಿದ ಜಾಗದಲ್ಲಿ ಸಿಲುಕಿಸಿಡಲಾಗುತ್ತದೆ. ಬ್ಯಾಟರಿ ತೆಗೆದರೂ ಅವು ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಫ್ಲ್ಯಾಶ್ ಅಗ್ಗವಾದಂತೆ ಟಿಪ್ಪಣಿ ಯಂತ್ರಗಳೂ ಅದನ್ನು ಅಳವಡಿಸಿಕೊಂಡವು. 2005ರ ವಿಂಡೋಸ್ ಮೊಬೈಲ್ 5 ಆವೃತ್ತಿಯಿಂದ ಅಂಥ ಕೈಗಣಕಗಳ ಕಡತಗಳು ರ್‍ಯಾಮ್ ಬಿಟ್ಟು ಫ್ಲ್ಯಾಶಿಗೆ ಸರಿದವು. ಬರಹ ಮತ್ತೆ ಕಾಗದದಂತೆ ವಿದ್ಯುತ್ತಿನ ಹಂಗಿಲ್ಲದೆ ಉಳಿಯತೊಡಗಿತು.

1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಮ್-ಅಯಾನ್ ಕೋಶ ಹಗುರ. ಅದರಲ್ಲಿ ಸೋರಿಕೆಯೂ ಕಡಿಮೆ. ಆದರೆ ಅದಕ್ಕೂ ತನ್ನದೇ ಒಂದು ಸ್ವಭಾವವಿದೆ. ತೀರಾ ಬರಿದಾದಾಗ ರಕ್ಷಣಾ ಮಂಡಲ ಸಂಪರ್ಕ ಕಡಿದುಬಿಡುತ್ತದೆ. ಮತ್ತೆ ಚಾರ್ಜಿಗೆ ಹಾಕಿದರೆ ಮೊದಲು ಅತ್ಯಲ್ಪ ಪ್ರವಾಹ ಮಾತ್ರ ಹರಿಯುವುದರಿಂದ ಯಂತ್ರ ಬಹಳ ಹೊತ್ತು ಸತ್ತಂತೆಯೇ ಇರಬಹುದು. ಆ ಹೊತ್ತಿನಲ್ಲಿ ತಾಳ್ಮೆಗೆಟ್ಟು ಕಠಿಣ ರೀಸೆಟ್‌ಗೆ ಕೈಹಾಕಬಾರದು.

ಅಧ್ಯಾಪಕರು ಗಮನಿಸಬೇಕಾದ ಕ್ರಮ ಇಷ್ಟೇ. ಯಂತ್ರ ನಿಂತರೆ ಮೊದಲು ಅದರದೇ ಚಾರ್ಜರಿನಿಂದ ಕೆಲವು ಗಂಟೆ ಚಾರ್ಜ್ ಮಾಡಿಸಿ. ಪ್ಲಗ್ಗಿನಲ್ಲಿ ವಿದ್ಯುತ್ತು ಇದೆಯೇ ಎಂದು ಬೇರೆ ಉಪಕರಣ ಹಾಕಿ ನೋಡಿ. ಆಮೇಲೆ ಮೃದು ರೀಸೆಟ್. ಕಠಿಣ ರೀಸೆಟ್ ಕಟ್ಟಕಡೆಗೆ; ಅದೂ ಪ್ರತಿ ಇದೆಯೆಂದು ಖಚಿತವಾದ ಮೇಲೆ, ಆ ವಿದ್ಯಾರ್ಥಿಯ ಒಪ್ಪಿಗೆ ಪಡೆದೇ. ವಾರಕ್ಕೊಮ್ಮೆ ಕಡತಗಳನ್ನು ಕಾರ್ಡಿಗೋ ಗಣಕಕ್ಕೋ ನಕಲು ಮಾಡುವ ಅಭ್ಯಾಸವಿರಲಿ. ತರಗತಿಯಲ್ಲೂ ಪರೀಕ್ಷಾ ಕೊಠಡಿಯಲ್ಲೂ ಈ ವಿದ್ಯಾರ್ಥಿಯ ಆಸನ ಪ್ಲಗ್ಗಿನ ಬಳಿ ಇರಲಿ. ಉಳಿದವರ ನೋಟ್‌ಪುಸ್ತಕವನ್ನು ಕೇಳದೆ ಹರಿಯಲು ನಮಗೆ ಹೇಗೆ ಹಕ್ಕಿಲ್ಲವೋ, ಇದನ್ನು ಕೇಳದೆ ಅಳಿಸಲೂ ಹಕ್ಕಿಲ್ಲ.