ಪಪ್ಪಿ ಚೌ

ಪಪ್ಪಿ ಚೌ ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಮನೆಮನೆಗಳಲ್ಲಿ ಮಾಡುವ ಸಿಹಿ ಕುರುಕಲು ತಿನಿಸು. ಬೆಳಗಿನ ತಿಂಡಿಗೆಂದು ಡಬ್ಬಿಯಲ್ಲಿ ಮಾರುವ ಅಕ್ಕಿಯ ಅಥವಾ ಮೆಕ್ಕೆಜೋಳದ ಗರಿಗರಿ ಸೀರಿಯಲ್‌ಗೆ ಕರಗಿಸಿದ ಚಾಕೊಲೇಟ್, ಕಡಲೆಕಾಯಿ ಬೆಣ್ಣೆ ಮತ್ತು ಹಾಲಿನ ಬೆಣ್ಣೆಯ ಮಿಶ್ರಣವನ್ನು ಸವರಿ, ಮೇಲೆ ಸಕ್ಕರೆ ಪುಡಿಯನ್ನು ಹೊದಿಸಿ ಇದನ್ನು ತಯಾರಿಸುತ್ತಾರೆ. ಓವನ್ ಬೇಡ, ಎಣ್ಣೆ ಬಾಣಲೆ ಬೇಡ. ಚಾಕೊಲೇಟ್ ಕರಗುವಷ್ಟು ಬಿಸಿ ಸಾಕು. ಅಯೊವಾ, ಮಿನೆಸೋಟ, ವಿಸ್ಕಾನ್ಸಿನ್, ನೆಬ್ರಾಸ್ಕಾ ಮೊದಲಾದ ಕಡೆ ಹುಟ್ಟುಹಬ್ಬ, ಕ್ರಿಸ್‌ಮಸ್, ಚರ್ಚಿನ ಊಟ, ಫುಟ್‌ಬಾಲ್ ಪಂದ್ಯ ನೋಡಲು ಸೇರುವ ಸಂಜೆ, ಹೀಗೆ ನಾಲ್ಕು ಜನ ಕೂಡುವಲ್ಲೆಲ್ಲ ದೊಡ್ಡ ಬೋಗುಣಿಯಲ್ಲಿ ಇದು ಬಂದು ಕೂರುತ್ತದೆ. ಮಡ್ಡಿ ಬಡ್ಡೀಸ್, ಮಂಕಿ ಮಂಚ್ ಎಂಬ ಹೆಸರುಗಳೂ ಇದಕ್ಕೆ ಇವೆ. ಕ್ರಿಸ್‌ಮಸ್ ಸಮಯದಲ್ಲಿ ಕೆಂಪು, ಹಸಿರು ಬಣ್ಣದ ಚಾಕೊಲೇಟ್ ಗುಂಡುಗಳನ್ನು ಬೆರೆಸಿದಾಗ ಅದೇ ತಿನಿಸು ರೈನ್‌ಡಿಯರ್ ಚೌ ಆಗುತ್ತದೆ.

ಹೆಸರಿನ ಹಿನ್ನೆಲೆ

ಪಪ್ಪಿ ಎಂದರೆ ನಾಯಿಮರಿ, ಚೌ ಎಂದರೆ ಆಡುಮಾತಿನಲ್ಲಿ ಊಟ. ಕಂದು ಬಣ್ಣದ, ಉಬ್ಬುತಗ್ಗಿನ ಸಣ್ಣ ತುಂಡುಗಳು ನಾಯಿಗಳಿಗೆ ಹಾಕುವ ಒಣ ಆಹಾರದಂತೆ ಕಾಣುವುದರಿಂದ ಈ ಹೆಸರು. ಚೌಚೌ ಭಾತ್ ತಿಂದು ಬೆಳೆದ ಕನ್ನಡಿಗರ ಕಿವಿಗೆ ಚೌ ಎಂಬ ಸದ್ದು ಬೇರೆಯದೇ ರುಚಿಯನ್ನು ನೆನಪಿಸುತ್ತದೆ. ಆದರೆ ಅಮೆರಿಕದಲ್ಲಿ ಈ ಮಾತಿನ ಹಿಂದೆ ಒಂದು ಕಂಪನಿಯ ಇತಿಹಾಸವಿದೆ. ಈ ತಿನಿಸಿಗೆ ಬಳಸುವ ಸೀರಿಯಲ್ ಬಂದದ್ದೂ ಅದೇ ಕಂಪನಿಯಿಂದ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ ವಿಲಿಯಂ ಡ್ಯಾನ್‌ಫೋರ್ತ್ ತನ್ನ ಪಾಲುದಾರರೊಡನೆ 1894ರಲ್ಲಿ ಕುದುರೆ, ಹೇಸರಗತ್ತೆಗಳ ಮೇವಿನ ವ್ಯಾಪಾರ ಆರಂಭಿಸಿದ. ಮೇವಿನ ಜೊತೆಗೆ ಮನುಷ್ಯರು ತಿನ್ನುವ ಗೋಧಿಯ ತಿಂಡಿಯನ್ನೂ ಮಾರತೊಡಗಿದ ಈ ಸಂಸ್ಥೆ 1902ರಲ್ಲಿ ರಾಲ್‌ಸ್ಟನ್ ಪ್ಯುರಿನಾ ಎಂಬ ಹೆಸರು ತಳೆಯಿತು. ಕೆಂಪು ಬಿಳಿ ಚೌಕಗಳ ಚದುರಂಗದ ಹಾಸು ಅದರ ಗುರುತು. ಮೊದಲ ಮಹಾಯುದ್ಧದ ಸಮಯದಲ್ಲಿ ಡ್ಯಾನ್‌ಫೋರ್ತ್ ವೈಎಂಸಿಎ ಪರವಾಗಿ ಫ್ರಾನ್ಸಿಗೆ ಹೋಗಿದ್ದ. ಅಲ್ಲಿ ಸೈನಿಕರು ಊಟವನ್ನು ಚೌ ಎಂದು ಕರೆಯುವ ಉತ್ಸಾಹ ಅವನಿಗೆ ಹಿಡಿಸಿತು. ಊರಿಗೆ ಮರಳಿದ ಮೇಲೆ ತನ್ನ ಕಂಪನಿಯ ಮೇವಿನ ಚೀಲಗಳ ಮೇಲೆ ಫೀಡ್ ಎಂಬ ಪದವನ್ನು ತೆಗೆಸಿ ಚೌ ಎಂದು ಬರೆಸಿದ. ನಾಯಿಮರಿಗಳಿಗೆ ಹಾಕುವ ಪ್ಯುರಿನಾ ಪಪ್ಪಿ ಚೌ ಈ ಸಾಲಿಗೇ ಸೇರಿದ್ದು.

ಅದೇ ಕಂಪನಿ 1937ರಲ್ಲಿ ಜಾಲರಿಯಂಥ ಹೆಣಿಗೆಯ ಸಣ್ಣ ಗೋಧಿ ಚೌಕಗಳನ್ನು ಮಾರುಕಟ್ಟೆಗೆ ತಂದಿತು. ಅವೇ ಮುಂದೆ ಚೆಕ್ಸ್ ಎಂದು ಹೆಸರಾದವು. ಚೆಕ್ಸ್ ಎಂಬ ಹೆಸರು ಬಂದದ್ದು ಆ ಚದುರಂಗದ ಹಾಸಿನ ಗುರುತಿನಿಂದ. ಅಕ್ಕಿಯ ಚೆಕ್ಸ್ 1950ರಲ್ಲಿ, ಮೆಕ್ಕೆಜೋಳದ ಚೆಕ್ಸ್ 1958ರಲ್ಲಿ ಬಂದವು. 1950ರ ದಶಕದಲ್ಲಿ ಕಂಪನಿ ಚೆಕ್ಸ್‌ಗೆ ಬೆಣ್ಣೆ, ಮಸಾಲೆ, ಬೀಜಗಳನ್ನು ಬೆರೆಸಿ ಓವನ್ನಿನಲ್ಲಿ ಹುರಿಯುವ ಖಾರದ ಪಾರ್ಟಿ ಮಿಕ್ಸ್ ಮಾಡುವ ವಿಧಾನವನ್ನು ಪ್ರಚಾರ ಮಾಡಿತು. ಬೆಳಿಗ್ಗೆ ಹಾಲಿಗೆ ಹಾಕಿ ತಿನ್ನುವ ವಸ್ತುವನ್ನು ಸಂಜೆ ಅತಿಥಿಗಳ ಮುಂದೆ ಇಡಬಹುದು ಎಂಬುದು ಗೃಹಿಣಿಯರಿಗೆ ಗೊತ್ತಾದದ್ದು ಹೀಗೆ. ಸಿಹಿ ರೂಪವಾದ ಪಪ್ಪಿ ಚೌ ಆ ಅಭ್ಯಾಸದ ಮುಂದುವರಿಕೆ. ಇದನ್ನು ಇಂಥವರೇ ಕಂಡುಹಿಡಿದರೆಂದು ಒಬ್ಬರ ಹೆಸರಿಗೆ ಬರೆಯಲಾಗದು. ಕೈಬರಹದ ಚೀಟಿಗಳಲ್ಲಿ, ಚರ್ಚಿನ ಮಹಿಳೆಯರು ಒಟ್ಟುಗೂಡಿ ಅಚ್ಚು ಹಾಕಿಸುವ ಅಡುಗೆ ಪುಸ್ತಕಗಳಲ್ಲಿ ಕೈಯಿಂದ ಕೈಗೆ ದಾಟಿ ಬಂದ ಮನೆಯಡುಗೆ ಇದು. ನನ್ನ ಮಟ್ಟಿಗೆ ಇದರ ನಿಜವಾದ ಹಿರಿಮೆ ಅದೇ.

ಚೆಕ್ಸ್ ಈಗ ರಾಲ್‌ಸ್ಟನ್ ಬಳಿ ಇಲ್ಲ. 1997ರಲ್ಲಿ ಅದು ಮಿನಿಯಾಪೊಲಿಸ್‌ನ ಜನರಲ್ ಮಿಲ್ಸ್ ಕಂಪನಿಯ ಕೈಸೇರಿತು. ಇಂದು ಮಡ್ಡಿ ಬಡ್ಡೀಸ್ ಎಂಬ ಹೆಸರಿನಲ್ಲಿ ಸಿದ್ಧ ಪೊಟ್ಟಣಗಳನ್ನು ಮಾರುತ್ತಿರುವುದೂ ಜನರಲ್ ಮಿಲ್ಸೇ. ನಾಯಿಗಳ ಆಹಾರದ ಭಾಗವನ್ನು 2001ರಲ್ಲಿ ನೆಸ್ಲೆ ಕೊಂಡುಕೊಂಡಿತು. ಈ ತಿನಿಸಿಗೆ ಬೇಕಾದ ಚಾಕೊಲೇಟ್ ಚಿಪ್ಸ್ ಅನ್ನು 1939ರಲ್ಲಿ ಅಮೆರಿಕದ ಅಂಗಡಿಗಳಿಗೆ ತಂದದ್ದು ಇದೇ ನೆಸ್ಲೆ. ಅದೇ 1939ರಲ್ಲಿ ಮಿಷಿಗನ್‌ನ ಬ್ಯಾಟಲ್ ಕ್ರೀಕ್ ಊರಿನ ಕೆಲಾಗ್ ಕಂಪನಿಯಲ್ಲಿ ಮಿಲ್ಡ್ರೆಡ್ ಡೇ ಮತ್ತು ಮಲಿಟಾ ಜೆನ್ಸನ್ ಎಂಬ ಇಬ್ಬರು ಮಹಿಳೆಯರು ಅಕ್ಕಿಯ ಅರಳಿನಂಥ ರೈಸ್ ಕ್ರಿಸ್ಪೀಸ್‌ಗೆ ಕರಗಿಸಿದ ಮಾರ್ಷ್‌ಮೆಲೊ ಬೆರೆಸಿ ಚೌಕಗಳನ್ನು ಮಾಡಿದ್ದರು. ಬೇಯಿಸದೆ ಮಾಡುವ ಸೀರಿಯಲ್ ಸಿಹಿಗಳ ಕುಟುಂಬದಲ್ಲಿ ಅದು ಹಿರಿಯಕ್ಕ, ಪಪ್ಪಿ ಚೌ ಕಿರಿಯ ತಂಗಿ.

ಸಾಮಗ್ರಿ ಮತ್ತು ಅಳತೆ

ರೂಢಿಯ ಅಳತೆ ಹೀಗಿದೆ. ಅಕ್ಕಿ ಅಥವಾ ಮೆಕ್ಕೆಜೋಳದ ಚೆಕ್ಸ್ 9 ಕಪ್, ಅಂದರೆ ಸುಮಾರು 250 ಗ್ರಾಂ. ಹೆಚ್ಚು ಸಿಹಿಯಿಲ್ಲದ ಚಾಕೊಲೇಟ್ ಚಿಪ್ಸ್ 1 ಕಪ್, ಸುಮಾರು 170 ಗ್ರಾಂ. ಅಂಗಡಿಯಲ್ಲಿ ಪೀನಟ್ ಬಟರ್ ಎಂದೇ ಸಿಗುವ ಕಡಲೆಕಾಯಿ ಬೆಣ್ಣೆ ಅರ್ಧ ಕಪ್, ಬೆಣ್ಣೆ ಕಾಲು ಕಪ್, ವೆನಿಲಾ ಸಾರ ಒಂದು ಟೀ ಚಮಚ, ಸಕ್ಕರೆ ಪುಡಿ ಒಂದೂವರೆ ಕಪ್. ಇಲ್ಲಿ ಕಪ್ ಎಂದರೆ ಅಮೆರಿಕದ 240 ಮಿಲಿಲೀಟರಿನ ಅಳತೆ. ಇಷ್ಟರಿಂದ ಅರ್ಧರ್ಧ ಕಪ್ಪಿನಂತೆ ಹದಿನೆಂಟು ಜನರಿಗೆ ಹಂಚಬಹುದು.

ಚೆಕ್ಸ್ ಸಿಗದಿದ್ದರೆ ಕ್ರಿಸ್ಪಿಕ್ಸ್ ಎಂಬ ಇನ್ನೊಂದು ಜಾಲರಿ ಸೀರಿಯಲ್ ಬಳಸುತ್ತಾರೆ. ಜಾಲರಿಯೇ ಯಾಕೆ ಬೇಕು ಎಂಬುದನ್ನು ತಿಳಿಯಲು ಒಂದು ಚೆಕ್ಸ್ ಚೌಕವನ್ನು ಕೈಯಲ್ಲಿ ಹಿಡಿದು ನೋಡಬೇಕು. ಬೆಂದ ಧಾನ್ಯವನ್ನು ಗೀರುಗಳಿರುವ ಉರುಳೆಗಳ ನಡುವೆ ಹಾಯಿಸಿ ಬಲೆಯಂಥ ಹಾಳೆಗಳನ್ನು ಮಾಡಿ, ಒಂದರ ಮೇಲೊಂದು ಇಟ್ಟು, ಅಂಚು ಒತ್ತಿ ಕತ್ತರಿಸಿ, ಬಿಸಿಗಾಳಿಯಲ್ಲಿ ಸುಡುತ್ತಾರೆ. ಒಳಗಿನ ತೇವ ಆವಿಯಾಗಿ ಚೌಕ ಪುಟ್ಟ ದಿಂಬಿನಂತೆ ಉಬ್ಬುತ್ತದೆ. ಮೇಲ್ಮೈಯ ಕಿಂಡಿಗಳಲ್ಲಿ ಚಾಕೊಲೇಟ್ ಇಳಿದು ಹಿಡಿದುಕೊಳ್ಳುತ್ತದೆ, ಒಳಗಿನ ಟೊಳ್ಳು ಗರಿಗರಿಯಾಗಿಯೇ ಉಳಿಯುತ್ತದೆ. ಕಾರ್ನ್ ಫ್ಲೇಕ್ಸ್‌ನಲ್ಲಿ ಈ ಗುಣವಿಲ್ಲ. ಅದು ತೆಳ್ಳಗಿರುವುದರಿಂದ ಕಲಸುವಾಗಲೇ ಮುರಿದು ಪುಡಿಯಾಗುತ್ತದೆ.

ಮಾಡುವ ಬಗೆ

ಚಾಕೊಲೇಟ್, ಕಡಲೆಕಾಯಿ ಬೆಣ್ಣೆ, ಬೆಣ್ಣೆ ಮೂರನ್ನೂ ಗಾಜಿನ ಬೋಗುಣಿಗೆ ಹಾಕಿ ಮೈಕ್ರೊವೇವ್‌ನಲ್ಲಿ ಒಂದು ನಿಮಿಷ ಇಟ್ಟು ತೆಗೆದು ಕಲಕಬೇಕು. ಇನ್ನೂ ಗಂಟುಗಳಿದ್ದರೆ ಮತ್ತೆ ಅರ್ಧ ನಿಮಿಷ. ಮೈಕ್ರೊವೇವ್ ಇಲ್ಲದವರು ಸಣ್ಣ ಉರಿಯಲ್ಲಿ ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬಹುದು. ಆಗ ಮೇಲಿನ ಪಾತ್ರೆಗೆ ಆವಿಯ ಹನಿಯೂ ಬೀಳದಂತೆ ನೋಡಿಕೊಳ್ಳಬೇಕು. ಕರಗಿದ ಚಾಕೊಲೇಟಿಗೆ ಒಂದೆರಡು ಹನಿ ನೀರು ತಾಗಿದರೂ ಅದರಲ್ಲಿರುವ ಸಕ್ಕರೆ ಮತ್ತು ಕೋಕೊ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಇಡೀ ಮಿಶ್ರಣ ಗಟ್ಟಿ ಮುದ್ದೆಯಾಗುತ್ತದೆ. ಮುದ್ದೆಯಾದ ಚಾಕೊಲೇಟನ್ನು ಎಷ್ಟು ಬಿಸಿ ಮಾಡಿದರೂ ಮೊದಲಿನಂತೆ ಹರಿಯುವುದಿಲ್ಲ. ಪಾತ್ರೆ, ಚಮಚ ಎರಡನ್ನೂ ಬಟ್ಟೆಯಿಂದ ಒರೆಸಿಕೊಂಡೇ ಕೆಲಸ ಶುರುಮಾಡಬೇಕು. ಮಿಶ್ರಣ ನುಣ್ಣಗಾದ ಮೇಲೆಯೇ ವೆನಿಲಾ ಹಾಕಬೇಕು.

ಇನ್ನು ಸವರುವ ಕೆಲಸ. ದೊಡ್ಡ ಅಗಲವಾದ ಪಾತ್ರೆಯಲ್ಲಿ ಚೆಕ್ಸ್ ಹರಡಿ, ಮಿಶ್ರಣವನ್ನು ಒಂದೇ ಕಡೆ ಸುರಿಯದೆ ಸುತ್ತಲೂ ಎಳೆಯಾಗಿ ಬಿಟ್ಟು, ಮೊಗಚುವ ಕೈಯನ್ನು ತಳಕ್ಕೆ ಇಳಿಸಿ ಮೇಲಕ್ಕೆ ಎತ್ತಿ ಹಗುರವಾಗಿ ತಿರುವಬೇಕು. ಅವಲಕ್ಕಿಗೆ ಒಗ್ಗರಣೆ ಬೆರೆಸುವಾಗಿನ ಕೈಯಳತೆಯೇ ಇಲ್ಲಿಯೂ ಬೇಕು. ಜೋರು ಮಾಡಿದರೆ ಚೌಕಗಳು ಒಡೆಯುತ್ತವೆ. ಎಲ್ಲ ತುಂಡುಗಳಿಗೂ ಕಂದು ಬಣ್ಣ ಹತ್ತಿದ ಮೇಲೆ ಐದಾರು ನಿಮಿಷ ಹಾಗೆಯೇ ಬಿಡಬೇಕು.

ಈ ಐದಾರು ನಿಮಿಷವೇ ತಿನಿಸಿನ ಹದವನ್ನು ನಿರ್ಧರಿಸುತ್ತದೆ. ಬಿಸಿ ಇದ್ದಾಗಲೇ ಸಕ್ಕರೆ ಪುಡಿ ಹಾಕಿದರೆ ಅದು ಹೀರಿಕೊಂಡು ಮಾಯವಾಗುತ್ತದೆ, ತುಂಡುಗಳು ಒದ್ದೆ ಮಣ್ಣಿನಂತೆ ಉಳಿಯುತ್ತವೆ. ಪೂರ್ತಿ ಆರಿ ಗಟ್ಟಿಯಾದ ಮೇಲೆ ಹಾಕಿದರೆ ಪುಡಿ ಅಂಟುವುದೇ ಇಲ್ಲ. ಬೆರಳು ತಾಗಿಸಿದರೆ ಉಗುರುಬೆಚ್ಚಗಿದ್ದು ಸ್ವಲ್ಪ ಅಂಟುವಂತಿರುವಾಗ ಪ್ಲಾಸ್ಟಿಕ್ ಜಿಪ್ ಚೀಲಕ್ಕೆ ಅರ್ಧ ಪುಡಿ ಹಾಕಿ, ಚೆಕ್ಸ್ ತುಂಬಿ, ಉಳಿದ ಅರ್ಧ ಪುಡಿಯನ್ನು ಮೇಲೆ ಸುರಿದು, ಬಾಯಿ ಮುಚ್ಚಿ ಮೆಲ್ಲಗೆ ಕುಲುಕಬೇಕು. ಚೀಲದೊಳಗೆ ಬಿಳಿ ಮೋಡ ಎದ್ದು ಇಳಿದಾಗ ಒಂದೊಂದು ತುಂಡೂ ಬೇರೆ ಬೇರೆಯಾಗಿ ನಿಂತಿರುತ್ತದೆ. ಕೆಲಸದ ಈ ಭಾಗವನ್ನು ಮಕ್ಕಳ ಕೈಗೇ ಕೊಡಬೇಕು. ಉರಿಯ ಭಯವಿಲ್ಲ, ಮಕ್ಕಳಿಗೂ ಖುಷಿ. ಆಮೇಲೆ ಮೇಣದ ಕಾಗದದ ಮೇಲೆ ಹರಡಿ ಆರಲು ಬಿಟ್ಟರೆ ಮುಗಿಯಿತು.

ಸಕ್ಕರೆ ಪುಡಿ ಇಲ್ಲಿ ಸಿಹಿಗಷ್ಟೇ ಇರುವುದಲ್ಲ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಸ್ವಲ್ಪ ಕಾರ್ನ್‌ಫ್ಲೋರ್ ಬೆರೆತಿರುತ್ತದೆ. ಅದು ತೇವ ಹೀರಿ ತುಂಡುಗಳು ಅಂಟಿಕೊಳ್ಳದಂತೆ ತಡೆಯುತ್ತದೆ. ಇನ್ನೊಂದು ಉಪಕಾರವೂ ಇದೆ. ಸುಮ್ಮನೆ ಕರಗಿಸಿ ಆರಿಸಿದ ಚಾಕೊಲೇಟಿನ ಮೇಲೆ ಸಾಮಾನ್ಯವಾಗಿ ಬೂದು ಬಣ್ಣದ ಗೆರೆಗಳು ಮೂಡುತ್ತವೆ. ಅದನ್ನು ತಡೆಯಲು ಮಿಠಾಯಿ ಮಾಡುವವರು ಉಷ್ಣತೆಯನ್ನು ಅಳೆದಳೆದು ಚಾಕೊಲೇಟನ್ನು ಹದಗೊಳಿಸುತ್ತಾರೆ. ಪಪ್ಪಿ ಚೌನಲ್ಲಿ ಆ ಗೆರೆಗಳೆಲ್ಲ ಬಿಳಿ ಹೊದಿಕೆಯ ಅಡಿಯಲ್ಲಿ ಮುಚ್ಚಿಹೋಗುವುದರಿಂದ ಅಂಥ ಪರಿಣತಿ ಬೇಕಾಗುವುದಿಲ್ಲ. ಕಡಲೆಕಾಯಿ ಎಣ್ಣೆ ಸೇರಿರುವುದರಿಂದ ಹೊದಿಕೆ ಚಾಕೊಲೇಟ್ ಬಾರಿನಂತೆ ಕಟಕಟ ಗಟ್ಟಿಯಾಗದೆ ಬಾಯಲ್ಲಿ ಬೇಗ ಕರಗುತ್ತದೆ.

ಕರ್ನಾಟಕದ ಅಡುಗೆಮನೆಯಲ್ಲಿ

ಬೇಯಿಸದೆ ಗರಿಗರಿ ಧಾನ್ಯಕ್ಕೆ ಸಿಹಿ ಹತ್ತಿಸುವುದು ನಮಗೆ ಹೊಸದೇನಲ್ಲ. ಮಂಡಕ್ಕಿ ಉಂಡೆಯಲ್ಲಿ ಬೆಲ್ಲದ ಪಾಕ ಮಾಡುವ ಕೆಲಸವನ್ನು ಇಲ್ಲಿ ಚಾಕೊಲೇಟ್ ಮಾಡುತ್ತದೆ. ವ್ಯತ್ಯಾಸವಿರುವುದು ಉದ್ದೇಶದಲ್ಲಿ. ಪಾಕ ಕಾಳುಗಳನ್ನು ಕೂಡಿಸಿ ಉಂಡೆ ಕಟ್ಟುತ್ತದೆ, ಇಲ್ಲಿ ಪುಡಿ ಸಕ್ಕರೆ ಅವುಗಳನ್ನು ಬಿಡಿಸಿ ಇಡುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರ ಮನೆಯ ಮಕ್ಕಳಿಗೆ ಶಾಲೆಯ, ಗೆಳೆಯರ ಪಾರ್ಟಿಗಳ ಮೂಲಕ ಇದು ಪರಿಚಿತ.

ಇಲ್ಲಿ ಮಾಡುವವರು ಕೆಲವು ಸಂಗತಿ ಗಮನಿಸಬೇಕು. ಮಿಕ್ಸಿಯಲ್ಲಿ ಪುಡಿಮಾಡಿದ ಸಕ್ಕರೆಗೆ ಕಪ್ಪಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಬೆರೆಸಿ ಜರಡಿ ಹಿಡಿಯಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಮಂಗಳೂರಿನಂಥ ಕಡೆ ಒಂದೇ ರಾತ್ರಿಯಲ್ಲಿ ಪಸೆ ಹಿಡಿಯುತ್ತದೆ. ಕೋಕೊ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆ ಅದಕ್ಕಿಂತ ಎಷ್ಟೋ ಮೇಲೆ. ಅಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು, ಬಡಿಸುವ ಹೊತ್ತಿಗೆ ತೆಗೆಯುವುದೇ ಸರಿ. ಬೆಣ್ಣೆಯ ಬದಲು ತುಪ್ಪ ಹಾಕಿದರೆ ನೀರಿನ ಅಂಶದ ಚಿಂತೆ ಇರುವುದಿಲ್ಲ, ಆದರೆ ತುಪ್ಪದ ಪರಿಮಳ ಚಾಕೊಲೇಟನ್ನು ಹಿಂದಕ್ಕೆ ತಳ್ಳುತ್ತದೆ. ನಾನು ಬೆಣ್ಣೆಯ ಪರ. ಚೆಕ್ಸ್ ಬದಲು ಮಂಡಕ್ಕಿ ಬಳಸುವುದಾದರೆ ಅದನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಹಿಚುಕಿದರೆ ಪುಡಿಯಾಗುವಷ್ಟು ಗರಿಯಾದ ಮೇಲೆ ಪೂರ್ತಿ ಆರಿಸಿಕೊಳ್ಳಬೇಕು. ರುಚಿ ಚೆನ್ನಾಗಿಯೇ ಇರುತ್ತದೆ, ಚೆಕ್ಸ್‌ನ ಟೊಳ್ಳು ಮಾತ್ರ ಸಿಗುವುದಿಲ್ಲ.

ಪೋಷಣೆ ಮತ್ತು ಎಚ್ಚರಿಕೆ

ಮೇಲಿನ ಅಳತೆಯಿಂದ ಲೆಕ್ಕ ಹಾಕಿದರೆ ಅರ್ಧ ಕಪ್ಪಿನಲ್ಲಿ ಸುಮಾರು 200 ಕಿಲೊಕ್ಯಾಲೊರಿ ಮತ್ತು ನಾಲ್ಕು ಟೀ ಚಮಚದಷ್ಟು ಸಕ್ಕರೆ ಇರುತ್ತದೆ. ಹಗುರವಾಗಿದೆಯೆಂದು ಹಿಡಿ ಹಿಡಿಯಾಗಿ ತಿನ್ನುವ ಪದಾರ್ಥವಾದ್ದರಿಂದ ಸಣ್ಣ ಬಟ್ಟಲಿನಲ್ಲಿ ಅಳೆದು ಕೊಡುವುದು ಒಳ್ಳೆಯದು. ಅಕ್ಕಿಯ ಚೆಕ್ಸ್‌ನಿಂದ 2008ರಲ್ಲಿ ಬಾರ್ಲಿ ಮಾಲ್ಟ್ ಅನ್ನು ತೆಗೆದು ಗ್ಲುಟೆನ್‌ಮುಕ್ತ ಮಾಡಲಾಗಿದೆ. ಗೋಧಿ ಒಗ್ಗದವರು ಉಳಿದ ಸಾಮಗ್ರಿಗಳ ಚೀಟಿಯನ್ನೂ ಓದಿ ಇದನ್ನು ಬಳಸಬಹುದು. ಕಡಲೆಕಾಯಿಯ ಅಲರ್ಜಿ ಕೆಲವರಿಗೆ ಪ್ರಾಣಕ್ಕೇ ಅಪಾಯ ತರುತ್ತದೆ. ಸಕ್ಕರೆ ಹೊದ್ದ ತುಂಡನ್ನು ನೋಡಿದರೆ ಒಳಗೆ ಕಡಲೆಕಾಯಿ ಇದೆಯೆಂದು ಯಾರಿಗೂ ತಿಳಿಯದು. ಆದ್ದರಿಂದ ಪಾತ್ರೆಯ ಪಕ್ಕದಲ್ಲಿ ಒಂದು ಚೀಟಿ ಬರೆದಿಡಬೇಕು, ಬರುವ ಮಕ್ಕಳ ತಂದೆತಾಯಿಯನ್ನು ಮೊದಲೇ ಕೇಳಬೇಕು. ಅಮೆರಿಕದ ಅನೇಕ ಶಾಲೆಗಳು ಕಡಲೆಕಾಯಿಯ ತಿನಿಸನ್ನು ಒಳಗೆ ಬಿಡುವುದಿಲ್ಲ. ಅಂಥ ಕಡೆ ಸೂರ್ಯಕಾಂತಿ ಬೀಜದ ಬೆಣ್ಣೆ ಬಳಸುತ್ತಾರೆ.

ಕೊನೆಯದಾಗಿ ಹೆಸರಿಗೆ ಸಂಬಂಧಿಸಿದ ಒಂದು ಮಾತು. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತುವನ್ನು ನಾಯಿಯ ದೇಹ ಮನುಷ್ಯರ ದೇಹದಷ್ಟು ಬೇಗ ಅರಗಿಸಿ ಹೊರಹಾಕಲಾರದು. ಅದು ವಾಂತಿ, ನಡುಕ, ಹೃದಯದ ಬಡಿತದ ಏರುಪೇರು ತರುತ್ತದೆ, ಹೆಚ್ಚಾದರೆ ಸಾವನ್ನೂ ತರಬಹುದು. ಮನೆಯಲ್ಲಿ ನಾಯಿ ಇದ್ದರೆ ಪಪ್ಪಿ ಚೌ ಡಬ್ಬಿಯನ್ನು ಅದಕ್ಕೆ ಎಟುಕದಂತೆ ಮೇಲಿಡಿ. ಪಾರ್ಟಿ ಮುಗಿದ ಮೇಲೆ ನೆಲಕ್ಕೆ ಬಿದ್ದ ತುಂಡುಗಳನ್ನೆಲ್ಲ ಗುಡಿಸಿ ತೆಗೆಯಿರಿ.